ಕೈಗುಣ

“ಏಯ್, ನಿನ್ನ ಕೌಂಟ್ರತ್ರ ಬಾ ಅಂತ ಯಾವನಮ್ಮಿ ಕರದೋನು? ಒಳಿಕ್ಕೋಗು ಮೊದ್ಲು!”

ಪಿಳ್ಳಪ್ಪ ಅರಚಿದ ರಭಸಕ್ಕೆ ಶಿಲ್ಪ ಚಾಚಿದ್ದ ಕೈಯನ್ನು ಹಿಂದೆಗೆದುಕೊಂಡಳು. ಕೌಂಟರಿನಾಚೆ ನಿಂತಿದ್ದ ಮುನಿಶಾಮಮ್ಮ ಡಾಕ್ಟರ ಚೀಟಿಯನ್ನು ಎದೆಗವಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಿದ್ದಳು. ಎಪ್ಪತ್ತರ ಹತ್ತಿರದ ಮುದುಕಿ. ಕೀಲುನೋವಿಗೆ ಬೆರಳುಗಳೆಲ್ಲ ಸೊಟ್ಟಗಾಗಿದ್ದವು.

“ಇವ್ಳು ಕಾಲೋನಿ ಮುನಿಯಲ್ಲಪ್ಪನ ಮಗ್ಳಲ್ವೇನೋ ಪಿಳ್ಳಪ್ಪ?” ಅಂದಳು, ಶಿಲ್ಪಳ ಕಡೆ ನೋಡದೆ. “ಇವ್ಳ ಕೈಲಿ ಔಸ್ದಿ ಈಸ್ಕಂಡು ನಾನು ಬಾಯಿಗಾಕ್ಕೊಳ್ಳೋದಾ? ಗೋಕುಲನ್ನ ಕರಿ. ಅವ್ನ ಕೈಗುಣ ಒಳ್ಳೇದು.”

“ಒಸಬ್ಳು ಕಣಕ್ಕ. ತಿಳೀಲಿಲ್ಲ. ಇನ್ಮ್ಯಾಕೆ ಈಚೆ ಬರಾಕಿಲ್ಲ ಬಿಡು.”

ಗೋಕುಲ ಬೋಂಡಾ ತಿಂದ ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಾ ಬಂದ. ಪಿಳ್ಳಪ್ಪನ ಅಕ್ಕನ ಮಗ, ಮೂವತ್ತು ದಾಟಿದವನು. ಹೋದ ವರ್ಷದವರೆಗೂ ಯಲಹಂಕದಲ್ಲಿ ಹಳೇ ಬೈಕು ಮಾರಿಸುತ್ತಿದ್ದ. ಪಿಯುಸಿ ಮುಗಿಸಿರಲಿಲ್ಲ. ಮುದುಕಿಯ ಕೈಯಿಂದ ಚೀಟಿ ತೆಗೆದುಕೊಂಡು, ಎರಡು ಬಗೆಯ ಮಾತ್ರೆ ಕತ್ತರಿಸಿ ಕವರಿಗೆ ಹಾಕಿ ಕೊಟ್ಟ. ಊಟಕ್ಕೆ ಮುಂಚೆಯೋ ಆಮೇಲೋ, ಅವನು ಹೇಳಲಿಲ್ಲ, ಅವಳು ಕೇಳಲಿಲ್ಲ.

ಶಿಲ್ಪ ಕಪಾಟುಗಳ ಹಿಂದಿದ್ದ ಕಿಟಕಿಯಿಲ್ಲದ ಕೋಣೆಗೆ ಹೋಗಿ ರಟ್ಟಿನ ಪೆಟ್ಟಿಗೆಗಳ ನಡುವೆ ಕೂತಳು. ಕೆಲಸಕ್ಕೆ ಸೇರಿ ಅದು ಎರಡನೇ ದಿನ. ಕೌಂಟರಿನ ಹಿಂದಿನ ಗೋಡೆಯಲ್ಲಿ ಗಾಜಿನ ಚೌಕಟ್ಟಿನೊಳಗೆ ಫಾರ್ಮಸಿ ಕೌನ್ಸಿಲ್ ಕೊಟ್ಟ ಅವಳ ನೋಂದಣಿ ಪತ್ರ ತೂಗುತ್ತಿತ್ತು. ಹೆಸರು, ಫೋಟೋ, ಸಂಖ್ಯೆ. ಹಿಂದೆ ಇದ್ದವನು ಬಿಟ್ಟುಹೋದ ಮೇಲೆ ಅದಿಲ್ಲದೆ ಪಿಳ್ಳಪ್ಪ ಅಂಗಡಿ ತೆರೆಯುವ ಹಾಗಿರಲಿಲ್ಲ. ಅವನಿಗೆ ಬೇಕಾಗಿದ್ದದ್ದು ಗೋಡೆಯ ಮೇಲಿದ್ದ ಶಿಲ್ಪ ಮಾತ್ರ ಎಂಬುದು ಅವಳಿಗೆ ಅವತ್ತು ಗೊತ್ತಾಯಿತು.

ಊರು ಚಿಕ್ಕಜಾಲ ದಾಟಿ ಎಡಕ್ಕೆ ತಿರುಗಿದರೆ ಸಿಗುತ್ತದೆ. ಏರ್‌ಪೋರ್ಟ್ ರಸ್ತೆ ಅಗಲವಾದಾಗ ಮೇಲಿನ ಬೀದಿಯವರ ಹೊಲಗಳು ಲೇಔಟುಗಳಾದವು, ಬೀದಿಯಲ್ಲಿ ಮೂರಂತಸ್ತಿನ ಮನೆಗಳೆದ್ದವು. ಕಾಲೋನಿ ಮಾತ್ರ ಇದ್ದಲ್ಲೇ ಇತ್ತು. ಅಲ್ಲಿಂದ ಶಿಲ್ಪಳ ಅಮ್ಮ ಮುನಿಕೆಂಪಮ್ಮ ದಿನವೂ ಬೆಳಿಗ್ಗೆ ಹೆಬ್ಬಾಳದ ಅಪಾರ್ಟ್‌ಮೆಂಟೊಂದಕ್ಕೆ ಹೌಸ್‌ಕೀಪಿಂಗ್ ಕೆಲಸಕ್ಕೆ ಹೋಗುತ್ತಿದ್ದಳು. ಅವಳ ಗಂಡ ಮುನಿಯಲ್ಲಪ್ಪ ಪಿಳ್ಳಪ್ಪನ ಕೊಟ್ಟಿಗೆಯಲ್ಲಿ ಹಸುಗಳಿರುವವರೆಗೆ ಸಗಣಿ ಬಾಚಿದ. ಹಸು ಮಾರಿದ ಮೇಲೆ ಅದೇ ಜಾಗದಲ್ಲಿ ಎದ್ದ ಕಟ್ಟಡಕ್ಕೆ ಇಟ್ಟಿಗೆ ಹೊತ್ತ. ಆ ಕಟ್ಟಡದ ನೆಲಮಹಡಿಯಲ್ಲೇ ಈಗ ಮೆಡಿಕಲ್ ಶಾಪು.

ಮಗಳು ಪಿಯುಸಿ ಸೈನ್ಸ್ ಪಾಸಾದಾಗ ಡಿ.ಫಾರ್ಮಾ ಎಂಬ ಓದು ಇದೆಯೆಂದು ಮುನಿಕೆಂಪಮ್ಮನಿಗೆ ಹೇಳಿದವಳು ಅಪಾರ್ಟ್‌ಮೆಂಟಿನ ಒಬ್ಬ ಡಾಕ್ಟರಮ್ಮ. ಎರಡು ವರ್ಷ ಶಿಲ್ಪ ಏಳು ಗಂಟೆಯ ಬಸ್ಸಿನಲ್ಲಿ ನಿಂತುಕೊಂಡೇ ಔಷಧಗಳ ಹೆಸರು ಬಾಯಿಪಾಠ ಮಾಡಿದಳು. ಆಮೇಲೆ ಐನೂರು ಗಂಟೆಯ ತರಬೇತಿ. ಅದಕ್ಕೆ ಅವಳನ್ನು ಸೇರಿಸಿಕೊಂಡವರು ಗಂಗಾನಗರದಲ್ಲಿ ಮೂವತ್ತು ವರ್ಷದಿಂದ ಅಂಗಡಿ ಇಟ್ಟಿದ್ದ ಮುಕ್ತಾರ್ ಸಾಹೇಬರು.

ಮೊದಲ ಹದಿನೈದು ದಿನ ಅವರು ಒಂದು ಮಾತ್ರೆಯನ್ನೂ ಮುಟ್ಟಗೊಡಲಿಲ್ಲ. “ಓದಮ್ಮ” ಎಂದು ಬಂದ ಚೀಟಿಗಳನ್ನೆಲ್ಲ ಅವಳ ಕೈಗೆ ಕೊಡುತ್ತಿದ್ದರು. ತಪ್ಪು ಓದಿದರೆ ಬೈಯುತ್ತಿರಲಿಲ್ಲ, “ಇನ್ನೊಂದ್ಸಲ” ಅನ್ನುತ್ತಿದ್ದರು. ಹದಿನಾರನೇ ದಿನ ಅವಳು ಮೊದಲ ಬಾರಿ ಒಬ್ಬ ಆಟೋ ಡ್ರೈವರಿಗೆ ಮಾತ್ರೆ ಕೊಟ್ಟು, ಹೇಗೆ ತೆಗೆದುಕೊಳ್ಳಬೇಕೆಂದು ಹೇಳಿ ಕಳಿಸಿದಳು. ಸಾಹೇಬರು ಅವನನ್ನು ರಸ್ತೆಯಿಂದ ವಾಪಸು ಕರೆದರು.

“ಏನ್ ಹೇಳಿದ್ಲಪ್ಪಾ ಈ ಹುಡ್ಗಿ? ಸ್ವಲ್ಪ ಹೇಳು ನೋಡೋಣ.”

ಅವನು ತಲೆ ಕೆರೆದುಕೊಂಡ. “ಬೆಳಿಗ್ಗೆ ಒಂದು... ಅಲ್ಲ, ರಾತ್ರಿ...”

“ನೋಡಿದ್ಯಾ?” ಎಂದು ಸಾಹೇಬರು ಶಿಲ್ಪಳ ಕಡೆ ತಿರುಗಿದರು. “ಕೊಡೋದು ನಮ್ಮ ಕೆಲ್ಸ ಅಲ್ಲಮ್ಮಾ. ಯಾರು ಬೇಕಾದ್ರೂ ಕೊಡ್ತಾರೆ. ಅವರ ಬಾಯಿಂದ ವಾಪಸ್ ಹೇಳ್ಸೋದು ನಮ್ಮ ಕೆಲ್ಸ.”

ಎರಡನೇ ತಿಂಗಳಿಗೆ ಗಿರಾಕಿಗಳು ಬಂದು “ಮೇಡಂ ಇಲ್ವಾ?” ಎಂದು ಕೇಳತೊಡಗಿದರು. ಕೆಮ್ಮುವ ಮಗುವನ್ನು ಎತ್ತಿಕೊಂಡ ತಾಯಂದಿರು, ಸಕ್ಕರೆ ಕಾಯಿಲೆಯ ಮೇಷ್ಟ್ರುಗಳು, ಎಲ್ಲರೂ ಅವಳ ಕೈಯಿಂದಲೇ ಈಸಿಕೊಂಡರು. ಯಾವ ಊರು, ಯಾರ ಮಗಳು ಎಂದು ಒಬ್ಬರೂ ಕೇಳಲಿಲ್ಲ. ನೋಂದಣಿ ಆದೊಡನೆ ಹೆಬ್ಬಾಳದ ಒಂದು ಆಸ್ಪತ್ರೆಯ ಔಷಧಾಲಯದಲ್ಲಿ ಕೆಲಸಕ್ಕೂ ಸಾಹೇಬರೇ ಮಾತಾಡಿದ್ದರು.

ಅಷ್ಟರಲ್ಲಿ ಪಿಳ್ಳಪ್ಪ ಕಾಲೋನಿಯ ತಿರುವಿನಲ್ಲಿ ಕಾರು ನಿಲ್ಲಿಸಿ, ಕೆಳಗಿಳಿಯದೆ, ಮುನಿಯಲ್ಲಪ್ಪನನ್ನು ಕರೆಸಿದ. “ನಿನ್ ಮಗ್ಳು ಪಾಸಾದ್ಳಂತೆ. ನಮ್ಮಂಗ್ಡೀಲಿ ಇರ್ಲಿ ಬಿಡಲೇ. ನಿನ್ ಮನೆ ಖಾತೆ ಪಂಚಾಯ್ತೀಲಿ ಕುಂತದಲ್ಲ, ಅದ್ನೂ ನೋಡಾನ.”

ಹನ್ನೊಂದು ವರ್ಷದಿಂದ ಆಗದ ಖಾತೆ. ಅಪ್ಪ ಎರಡು ದಿನ ಊಟ ಬಿಟ್ಟು ಕೂತ. ಒಂದೇ ವರ್ಷ ಎಂದು ಶಿಲ್ಪ ಒಪ್ಪಿಕೊಂಡಳು.

ಎರಡು ತಿಂಗಳು ಅವಳು ಆ ಕೋಣೆಯಲ್ಲಿ ಪೆಟ್ಟಿಗೆ ಒಡೆದಳು, ಅವಧಿ ಮುಗಿದ ಔಷಧ ಬೇರೆ ಮಾಡಿದಳು, ಕಸ ಗುಡಿಸಿದಳು. ಬಿಲ್ಲುಗಳ ಕೆಳಗೆ ಅವಳ ಹೆಸರೇ ಅಚ್ಚಾಗಿ ಬರುತ್ತಿತ್ತು. ಕಪಾಟಿನ ಸಂದಿಯಿಂದ ಗಿರಾಕಿಗಳ ಮಾತು ಕೇಳಿಸಿದರೆ ತಡೆಯಲಾಗದೆ ಕೂಗುತ್ತಿದ್ದಳು:

“ಗೋಕುಲಣ್ಣಾ, ಅದು ಖಾಲಿ ಹೊಟ್ಟೇಲಿ ಅಂತ ಹೇಳಣ್ಣಾ.”

“ಗುರುವೇ, ನೀನು ಒಳಗಡೆ ಸ್ಟಾಕ್ ನೋಡು. ಈಚೆಕಡೆ ನಾನಿದೀನಿ.”

ಕಾಲೋನಿಯ ಹೆಂಗಸರು ಬಂದರೂ ಅವಳು ಆಚೆ ಬರುವಂತಿರಲಿಲ್ಲ. ಕಾಲೋನಿಯವಳ ಕೈ ಸೋಕಿದ ಕೌಂಟರಿಗೆ ಮೇಲಿನ ಬೀದಿಯವರು ಬರುವುದಿಲ್ಲ ಎಂದು ಪಿಳ್ಳಪ್ಪ ಬಾಯಿಬಿಟ್ಟೇ ಹೇಳಿದ್ದ. “ಯಾಪಾರ ಕಣಮ್ಮಿ, ಯಾಪಾರ. ನಂಗೇನೂ ಇಲ್ಲ. ಜನ ಇಂಗವ್ರೆ, ನಾನೇನ್ ಮಾಡ್ಲಿ?”

ಒಂದು ಶನಿವಾರ ಹನ್ನೊಂದರ ಹೊತ್ತಿಗೆ ಗೋಕುಲ ಒಳಗೆ ಇಣುಕಿದ. “ಮೆಥೋಟ್ರೆಕ್ಸೇಟ್ ಇನ್ನೊಂದು ಡಬ್ಬ ತರಿಸಮ್ಮ. ಅದೇ, ಹಳದಿ ಚಿಕ್ಕ ಮಾತ್ರೆ. ಮುನಿಶಾಮಮ್ಮನಿಗೆ ಹೆಬ್ಬಾಳದ ಕೀಲು ಡಾಕ್ಟ್ರು ಬರೆದವ್ರೆ. ಚೆನ್ನಾಗಿ ಓಡ್ತಾ ಇದೆ, ಎರಡನೇ ಶೀಟು ತಗೊಂಡೋದ್ಳು.”

ಶಿಲ್ಪಳ ಕೈಯಲ್ಲಿದ್ದ ಪೆನ್ನು ನಿಂತಿತು. “ಮೊದಲನೇ ಶೀಟು ಯಾವಾಗ ಕೊಟ್ಟಿದ್ದು?”

“ಹೋದ ವಾರದ ಮಂಗಳವಾರ. ಯಾಕೆ?”

“ಒಂದು ಶೀಟಲ್ಲಿ ಹತ್ತು ಮಾತ್ರೆ. ವಾರಕ್ಕೊಂದು ತಗೋಬೇಕು ಅಣ್ಣಾ, ವಾರಕ್ಕೆ ಒಂದೇ ಒಂದು. ಹತ್ತು ದಿನಕ್ಕೆ ಹೇಗೆ ಖಾಲಿ ಆಯ್ತು?”

“ವಾರಕ್ಕೊಂದು ಮಾತ್ರೆ ಯಾವನ್ ತಗೋತಾನೆ? ಆ ಡಾಕ್ಟ್ರು ಬರೆಯೋದು ಕೋಳಿ ಕೆರೆದಂಗೆ. ದಿನಕ್ಕೊಂದು ಅಂದೆ.” ಅವನು ನಕ್ಕ. “ಬಾಯೆಲ್ಲ ಹುಣ್ಣಾಗದೆ ಅಂದ್ಳು, ಅದಕ್ಕೂ ಒಂದು ಜೆಲ್ ಕೊಟ್ಟು ಕಳಿಸಿದೀನಿ.”

ಶಿಲ್ಪ ಪೆನ್ನು ಬಿಸುಟು ಎದ್ದಳು. ಬಾಯಿಹುಣ್ಣು ಶುರುವಾಗಿದೆ ಎಂದರೆ ಒಳಗೆ ರಕ್ತ ಕೆಟ್ಟಿದೆ. ಆ ಎರಡನೇ ದಿನದ ನಂತರ ಮೊದಲ ಸಲ ಅವಳು ಕಪಾಟು ದಾಟಿ, ಗಲ್ಲಾದಲ್ಲಿ ಕೂತಿದ್ದ ಪಿಳ್ಳಪ್ಪನ ಮುಂದೆ ಬಂದು ನಿಂತಳು. ವಿಷಯ ಹೇಳಿದಳು. ಅವನು ಕೇಳಿಸಿಕೊಂಡು ರಸ್ತೆಯ ಕಡೆ ಕಣ್ಣಾಡಿಸಿದ.

“ಸರಿ, ಗೋಕುಲ ಪೋನಾಕಿ ನಾಳೆಯಿಂದ ನಿಲ್ಸು ಅಂತಾನೆ. ನೀನ್ ಒಳಿಕ್ಕೋಗು.”

“ನಾಳೆ ಅಲ್ಲ ಗೌಡ್ರೆ, ಈಗ್ಲೇ ಆಸ್ಪತ್ರೆಗೆ ಸೇರಿಸ್ಬೇಕು. ಆ ಮಾತ್ರೆ ದಿನಾ ತಗೊಂಡ್ರೆ ಮೈಯಲ್ಲಿ ರಕ್ತ ಹುಟ್ಟೋದೇ ನಿಂತೋಗುತ್ತೆ. ಸತ್ತೋಗ್ತಾರೆ.”

“ಮುಚ್ಚೇ ಬಾಯಿ, ಮುಂಡೇದೆ!” ಪಿಳ್ಳಪ್ಪ ಎದ್ದು ನಿಂತ. “ತಪ್ ಔಸ್ದಿ ಕೊಟ್ವಿ ಅಂತ ನಾನೇ ಓಗಿ ಬೀದೀಲಿ ತಮಟೆ ಬಡೀಬೇಕಾ? ನಿಮ್ಮಪ್ಪ ನಮ್ ಕೊಟ್ಗೇಲಿ ಸಗಣಿ ಬಾಚ್ದೋನು. ನೀನು ನಂಗೆ ರಕ್ತ ಉಟ್ಟೋ ಪಾಠ ಏಳ್ತೀಯಾ?”

ಶಿಲ್ಪ ಒಳಕ್ಕೆ ಹೋಗಲಿಲ್ಲ. ಕೌಂಟರಿನ ಹಲಗೆಯನ್ನೆತ್ತಿ ಗಿರಾಕಿಗಳ ಬಾಗಿಲಿನಿಂದಲೇ ಆಚೆ ನಡೆದಳು. ಹಿಂದಿನಿಂದ ಪಿಳ್ಳಪ್ಪ ಕೂಗುತ್ತಿದ್ದದ್ದು ಮೇಲಿನ ಬೀದಿಯ ಅರ್ಧದವರೆಗೂ ಕೇಳಿಸುತ್ತಿತ್ತು.

ಮುನಿಶಾಮಮ್ಮನ ಮನೆಯ ಬಾಗಿಲಲ್ಲಿ ಸೊಸೆ ಅಕ್ಕಿ ಆರಿಸುತ್ತಿದ್ದಳು.

“ಅಲ್ಲೇ ನಿಂತ್ಕಳಮ್ಮಿ. ಏನು?”

“ಅಜ್ಜಿ ಎಲ್ಲಿ?”

“ಜ್ವರ, ಮನ್ಗವ್ಳೆ. ಏನ್ ಬೇಕಿತ್ತು ಏಳು, ನಾನೇ... ಏಯ್! ಏಯ್, ಒಳಿಕ್ಕೆ ಯಾಕೇ ನುಗ್ತೀಯಾ?”

ಶಿಲ್ಪ ಹೊಸಿಲು ದಾಟಿದ್ದಳು. ಅವಳ ಅಜ್ಜಿ, ಅಮ್ಮ ಯಾರೂ ದಾಟಿರದ ಹೊಸಿಲು. ನಡುಮನೆಯ ಮಂಚದ ಮೇಲೆ ಮುದುಕಿ ಮಲಗಿದ್ದಳು. ತುಟಿಯ ತುಂಬ ರಕ್ತ ಹೆಪ್ಪುಗಟ್ಟಿತ್ತು. ಶಿಲ್ಪಳನ್ನು ಕಂಡು ಗೋಡೆಯತ್ತ ಹೊರಳಲು ನೋಡಿದಳು.

“ಮುಟ್... ಮುಟ್ಬ್ಯಾಡ ಕಣೇ.”

ಶಿಲ್ಪ ಹಣೆ ಮುಟ್ಟಿದಳು. ಕಾದ ಹೆಂಚಾಗಿತ್ತು. ತಲೆದಿಂಬಿನ ಪಕ್ಕದಿಂದ ಹೊಸ ಶೀಟನ್ನು ಎತ್ತಿಕೊಂಡಳು. ಅದರಲ್ಲೂ ಒಂದು ಮಾತ್ರೆ ಹೋಗಿತ್ತು. ಅಷ್ಟರಲ್ಲಿ ಮಗ ಮುನೇಶ್ ಹಿತ್ತಲಿಂದ ಓಡಿಬಂದು ಅವಳ ರಟ್ಟೆ ಹಿಡಿದ.

“ಎಷ್ಟು ಕೊಬ್ಬೇ ನಿಂಗೆ?”

“ಹೊಡೀಬೇಕು ಅಂದ್ರೆ ಆಮೇಲೆ ಹೊಡೀರಿ. ಇದನ್ನ ವಾರಕ್ಕೊಂದು ಕೊಡ್ಬೇಕಿತ್ತು, ಗೋಕುಲ ದಿನಕ್ಕೊಂದು ಅಂತ ಹೇಳವ್ನೆ. ಹನ್ನೊಂದು ಮಾತ್ರೆ ಹೊಟ್ಟೇಲದೆ. ಈ ಶೀಟೂ ಚೀಟೀನೂ ತಗೊಂಡು ಈಗ್ಲೇ ಬರೆದ ಡಾಕ್ಟ್ರ ಹತ್ರ ಹೋಗಿ. ಹನ್ನೊಂದು ಅಂತ ಹೇಳಿ. ಏನಂತ ಹೇಳ್ತೀರಾ? ನಂಗೆ ವಾಪಸ್ ಹೇಳಿ.”

ಮುನೇಶ್ ತಾಯಿಯ ತುಟಿ ನೋಡಿದ, ಶಿಲ್ಪಳನ್ನು ನೋಡಿದ. ರಟ್ಟೆ ಬಿಟ್ಟ. “ಹನ್ನೊಂದು” ಅಂದ.

ತಾಯಿಯನ್ನು ಮಲಗಿಸಿಕೊಂಡು ಅವನ ಕಾರು ಹೊರಟ ಮೇಲೆ ಸೊಸೆ ಬಕೆಟ್ಟಿನಲ್ಲಿ ನೀರು ತಂದು ನಡುಮನೆ ತೊಳೆಯತೊಡಗಿದಳು. ಶಿಲ್ಪ ಇನ್ನೂ ಅಂಗಳದಲ್ಲೇ ಇದ್ದಳು. ನೀರು ಅವಳ ಚಪ್ಪಲಿಯವರೆಗೂ ಹರಿದು ಬಂತು.

ಮಧ್ಯಾಹ್ನ ಪಿಳ್ಳಪ್ಪ ಮುನಿಯಲ್ಲಪ್ಪನನ್ನು ಅಂಗಡಿಯ ಮುಂದೆ ನಿಲ್ಲಿಸಿಕೊಂಡಿದ್ದ. ಬಂದು ಹೋಗುವವರೆಲ್ಲ ನೋಡುತ್ತಿದ್ದರು.

“ಮಗ್ಳನ್ನ ಓದ್ಸಿ ಬೀದಿಗ್ ಬಿಟ್ಯೇನೋ ಬೋಳಿಮಗನೆ? ಇವತ್ತು ನಡುಮನೆಗೆ ನುಗ್ಗವ್ಳೆ, ನಾಳೆ ದೇವರ ಮನೆಗೂ ನುಗ್ತಾಳೆ.”

“ತಪ್ಪಾಯ್ತು ಗೌಡ್ರೆ. ಮಗಾ, ತಿಳೀದೆ...”

“ತಿಳಿದೇ ಮಾಡಿದ್ದು ಕಣಪ್ಪಾ” ಎಂದಳು ಶಿಲ್ಪ. ಅಪ್ಪ ಬಗ್ಗಿದ್ದ ತಲೆ ಎತ್ತದೆಯೇ ಅವಳ ಕೆನ್ನೆಗೆ ಹೊಡೆದ. ಹೊಡೆದವನು ತನ್ನ ಕೈಯನ್ನು ತಾನೇ ನೋಡಿಕೊಳ್ಳುತ್ತಾ ಅಲ್ಲೇ ನಿಂತ.

ಮುನಿಶಾಮಮ್ಮ ಹದಿನಾಲ್ಕು ದಿನ ಆಸ್ಪತ್ರೆಯಲ್ಲಿದ್ದು ಬದುಕಿ ಬಂದಳು. ಇನ್ನೊಂದು ದಿನ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರಂತೆ. ತಾಯಿ ಐಸಿಯುನಲ್ಲಿದ್ದಾಗ ಮುನೇಶ್ ಸಿಟ್ಟಿನಲ್ಲಿ ಮೆಡಿಕಲ್ ಶಾಪಿನ ಮೇಲೆ ದೂರು ಬರೆದು ಕಳಿಸಿದ್ದ. ಮುದುಕಿ ಮನೆಗೆ ಬಂದ ಮೇಲೆ ಪಿಳ್ಳಪ್ಪ ಹಣ್ಣಿನ ಬುಟ್ಟಿ ಹಿಡಿದು ಹೋಗಿ ಒಂದು ತಾಸು ಕೂತಿದ್ದ. ಒಂದೇ ಬೀದಿ, ಹೆಣ್ಣು ಕೊಟ್ಟು ತಂದ ಸಂಬಂಧ. ಗೋಕುಲನಿಗೆ ಹೆಣ್ಣು ಗೊತ್ತಾಗಿತ್ತು. ಬಿಲ್ಲಿನ ಮೇಲೆ ಇದ್ದದ್ದು ಹೇಗೂ ಶಿಲ್ಪಳ ಹೆಸರು.

ವಿಚಾರಣೆಗೆ ಬಂದ ಡ್ರಗ್ ಇನ್‌ಸ್ಪೆಕ್ಟರ್ ನಾಗಲಿಂಗಪ್ಪ ಉತ್ತರದ ಕಡೆಯವರು. ನಿವೃತ್ತಿಯ ಅಂಚಿನಲ್ಲಿದ್ದ, ದಣಿದ ಮನುಷ್ಯ. ಬೆಳಿಗ್ಗೆ ಹತ್ತೂವರೆಗೆ ಅಂಗಡಿಯ ಮುಂದೆ ಮೇಜು ಹಾಕಿಸಿಕೊಂಡು ಕೂತರು. ಸುತ್ತ ಮೇಲಿನ ಬೀದಿಯವರು. ದೂರದ ಲೈಟುಕಂಬದ ಹತ್ತಿರ ಕಾಲೋನಿಯವರು. ಕೆಲಸಕ್ಕೆ ರಜ ಹಾಕಿ ಬಂದಿದ್ದ ಮುನಿಕೆಂಪಮ್ಮ, ಅವಳ ಪಕ್ಕ ಮುನಿಯಲ್ಲಪ್ಪ. ಮುನಿಶಾಮಮ್ಮನನ್ನು ಕುರ್ಚಿಯಲ್ಲಿ ಕೂರಿಸಿದ್ದರು.

“ಈ ಮಾತ್ರಿ ನಿಮಗ ಯಾರು ಕೊಟ್ಟರು? ದಿನಾ ತಗೋರಿ ಅಂತ ಯಾರು ಹೇಳಿದ್ರು?”

ಮುದುಕಿ ನೆಲ ನೋಡುತ್ತಾ ಸೊಟ್ಟ ಬೆರಳನ್ನು ಶಿಲ್ಪಳತ್ತ ತೋರಿಸಿದಳು. “ಇವ್ಳೇ.”

“ನೋಡವಾ” ಎಂದರು ನಾಗಲಿಂಗಪ್ಪ, ಬರೆದಿಟ್ಟ ಹಾಳೆಯನ್ನು ಶಿಲ್ಪಳ ಕಡೆ ತಿರುಗಿಸಿ. “ಬಿಲ್ಲಿನ ಮ್ಯಾಲ ನಿನ್ನ ಹೆಸರ ಐತಿ. ಅಜ್ಜಿನೂ ನಿನ್ನ ಹೆಸರ ಹೇಳಾಕತ್ತಾಳ. ನಾ ಏನ್ ಮಾಡ್ಲಿ? ಇಲ್ಲಿ ಸಹಿ ಹಾಕು. ನೋಂದಣಿ ಉಳೀತದೋ ಇಲ್ಲೋ, ಅದು ಮ್ಯಾಲಿನವರಿಗೆ ಬಿಟ್ಟದ್ದು.”

ಶಿಲ್ಪ ಹಾಳೆ ಓದಿದಳು. ನಾನೇ ನನ್ನ ಕೈಯಾರೆ ಕೊಟ್ಟಿರುತ್ತೇನೆ ಎಂದಿತ್ತು.

“ಸಾರ್, ಇವರ ಡಿಸ್ಚಾರ್ಜ್ ಚೀಟಿ ನಿಮ್ಮ ಹತ್ರ ಇದ್ಯಲ್ಲ, ಅದರಲ್ಲಿ ರಕ್ತಕ್ಕೆ ಅಂತ ಫೋಲಿಕ್ ಆಸಿಡ್ ಮಾತ್ರೆ ಬರೆದಿದಾರಾ? ನೋಡಿ.”

ಅವರು ಕನ್ನಡಕ ಏರಿಸಿ ನೋಡಿದರು. “ಹೌದು. ದಿನಕ್ಕೊಂದು.”

“ಅಜ್ಜೀ, ಇವತ್ತಿಂದು ನುಂಗಿದೀರಾ?”

“ಇಲ್ಲ, ಇನ್ನೂ ಉಂಡಿಲ್ಲ” ಎಂದಳು ಮುದುಕಿಯ ಬದಲು ಸೊಸೆ.

ಶಿಲ್ಪ ಕೌಂಟರಿನ ಹಲಗೆಯೆತ್ತಿ ಒಳಗೆ ಹೋದಳು. ಕಪಾಟಿನಿಂದ ಶೀಟು ತೆಗೆದು ಇನ್‌ಸ್ಪೆಕ್ಟರಿಗೆ ತೋರಿಸಿ, ಒಂದು ಮಾತ್ರೆಯನ್ನು ಅಂಗೈಗೆ ಬಿಡಿಸಿಕೊಂಡಳು. ಇನ್ನೊಂದು ಕೈಯಲ್ಲಿ ಲೋಟದ ತುಂಬ ನೀರು. ಬಂದು ಕುರ್ಚಿಯ ಮುಂದೆ ನಿಂತಳು.

“ತಗೊಳಿ ಅಜ್ಜೀ. ಅವತ್ತು ನನ್ನ ಕೈಯಿಂದ ತಗೊಂಡ್ರಿ ತಾನೆ? ಇವತ್ತೂ ತಗೊಳಿ.”

ಮುದುಕಿಯ ಕೈಗಳು ಸೀರೆಯ ಸೆರಗಿನೊಳಗೆ ಹೋದವು. ಅವಳು ಮಗನನ್ನು ನೋಡಿದಳು. ಮುನೇಶ್ ಫೋನು ನೋಡುತ್ತಿದ್ದ. ಪಿಳ್ಳಪ್ಪ ಹಲ್ಲು ಕಚ್ಚಿ, “ಈಸ್ಕಳಕ್ಕ, ಈಸ್ಕೋ” ಅಂದ. ಬೀದಿಯ ಹೆಂಗಸರೆಲ್ಲ ಮುನಿಶಾಮಮ್ಮನ ಮುಖವನ್ನೇ ನೋಡುತ್ತಿದ್ದರು. ಬೆವರಿಗೆ ಮಾತ್ರೆಯ ಹಳದಿ ಶಿಲ್ಪಳ ಅಂಗೈಗೆ ಅಂಟತೊಡಗಿತು.

“ಆಮ್ಯಾಕೆ...” ಎಂದಳು ಮುದುಕಿ. “ನಮ್ ಸೊಸೆ ಕೊಡ್ತಾಳೆ.”

“ಯಾಕ್ರಿ ಅಜ್ಜಿ?” ನಾಗಲಿಂಗಪ್ಪ ಪೆನ್ನು ಕೆಳಗಿಟ್ಟರು. “ಅವತ್ತ ತಗೊಂಡವರು ಇವತ್ಯಾಕ ಒಲ್ಲೆ ಅಂತೀರಿ?”

“ಅವ್ಳ ಕೈಲಿ ಇವ್ಳೆಲ್ಲಿ ಈಸ್ಕಂಡಾಳು ಸಾಮಿ, ಪ್ರಾಣ ಓದ್ರೂ...” ಎಂದ ಗುಂಪಿನಲ್ಲಿದ್ದ ಒಬ್ಬ ಮುದುಕ. ಪಿಳ್ಳಪ್ಪ ತಿರುಗಿ ನೋಡಿದ. ಮುದುಕ ಮಾತು ನುಂಗಿಕೊಂಡ.

“ಯಜಮಾನ್ರ, ಅದನ್ನ ಬರಕೋತೀನಿ. ಸಹಿ ಹಾಕ್ತೀರೇನು?”

ಮುದುಕ ಆಗಲೇ ಜನರ ಬೆನ್ನ ಹಿಂದೆ ಸೇರಿಕೊಂಡಿದ್ದ. ಮುನಿಶಾಮಮ್ಮ ಅಳತೊಡಗಿದಳು, ತಲೆ ಸುತ್ತುತ್ತಿದೆ ಅಂದಳು. ಮಗ, ಸೊಸೆ ಅವಳನ್ನು ಎತ್ತಿಕೊಂಡು ಹೋದರು. ಒಬ್ಬೊಬ್ಬರಾಗಿ ಬೀದಿಯವರೂ ಕರಗಿದರು.

“ಸಾರ್, ಹೊಸ ಹಾಳೇಲಿ ನಾನು ಹೇಳಿದ್ದು ಬರೀರಿ” ಎಂದಳು ಶಿಲ್ಪ. “ಕಾಲೋನಿಯವಳು ಅಂತ ನನ್ನನ್ನ ಕೌಂಟರಿಗೆ ಬಿಡ್ತಿರಲಿಲ್ಲ. ನನ್ನ ಕೈಯಿಂದ ಮೇಲಿನ ಬೀದಿಯವರು ಒಬ್ರೂ ಔಷಧ ತಗೊಂಡಿಲ್ಲ. ಕೊಡ್ತಿದ್ದದ್ದು ಗೋಕುಲ.”

“ಜಾತಿ ವಿಷಯ ನಮ್ಮ ಇಲಾಖೆಗೆ ಬರೂದಿಲ್ಲವಾ. ಔಷಧದ್ದು ಅಷ್ಟ ಹೇಳು.”

“ಇದು ಔಷಧದ್ದೇ ಸಾರ್.”

ಅವರು ಮೊದಲಿನ ಹಾಳೆಯನ್ನು ಪಕ್ಕಕ್ಕೆ ಸರಿಸಿದರು. ಹೊಸ ಹಾಳೆ ತೆಗೆದು ಅವಳು ಹೇಳಿದ್ದನ್ನೆಲ್ಲ ಬರೆದರು. ಅವಳು ಸಹಿ ಹಾಕಿದಳು.

“ಇದಕ್ಕೊಬ್ಬ ಸಾಕ್ಷಿ ಬೇಕು. ಈ ಅಂಗಡಿಗೆ ಬರೋ ಗಿರಾಕಿ ಒಬ್ರು, ಈಕಿ ಕೌಂಟರಿಗೆ ಬರ್ತಿರಲಿಲ್ಲ ಅಂತ ಹೇಳಬೇಕು.”

ಲೈಟುಕಂಬದ ಹತ್ತಿರದಿಂದ ಮುನಿಕೆಂಪಮ್ಮ ನಾಲ್ಕು ಹೆಜ್ಜೆ ಮುಂದೆ ಬಂದಳು. ನಾಗಲಿಂಗಪ್ಪ ತಲೆ ಅಲ್ಲಾಡಿಸಿದರು. “ನಿಮ್ಮ ಓಣಿಯವರದು ನಡಿಯೂದಿಲ್ಲವಾ. ನಿಮ್ಮವರು ನಿಮ್ಮ ಪರ ಹೇಳ್ತಾರ ಅಂತಾರ ನಮ್ಮ ಮ್ಯಾಲಿನವರು. ಆ ಬೀದಿಯವರೇ ಬೇಕು. ನಾ ಹನ್ನೆರಡೂವರಿ ತನಕ ಇರ್ತೀನಿ.”

ಪಿಳ್ಳಪ್ಪ ನಕ್ಕ. “ಓಗಮ್ಮಿ, ಕರ್ಕೊಂಬಾ. ಯಾವನ್ ಬತ್ತಾನೆ ನಾನೂ ನೋಡ್ತೀನಿ.”

“ಬ್ಯಾಡ ಕಣವ್ವಾ” ಎಂದ ಮುನಿಯಲ್ಲಪ್ಪ, ದೂರದಿಂದಲೇ.

ಶಿಲ್ಪ ಮೇಲಿನ ಬೀದಿಗೆ ತಿರುಗಿದಳು. ಹನ್ನೆರಡರ ಬಿಸಿಲು. ಮೊದಲ ಮನೆಯ ಬಾಗಿಲು ಅವಳು ಹತ್ತಿರ ಬರುತ್ತಿದ್ದಂತೆ ಮುಚ್ಚಿಕೊಂಡಿತು. ಎರಡನೆಯ ಮನೆಯ ಹೆಂಗಸು, “ನಾವು ಆ ಅಂಗ್ಡೀಗೇ ಓಗಾಕಿಲ್ಲ ತಾಯಿ” ಎಂದು ಕಿಟಕಿಯಿಂದಲೇ ಅಂದಳು. ಕಿಟಕಿಯ ಸರಳಿಗೆ ಆ ಅಂಗಡಿಯ ಕವರು ನೇತಾಡುತ್ತಿತ್ತು. ಮೂರನೆಯದು ಮಾತು ನುಂಗಿಕೊಂಡಿದ್ದ ಆ ಮುದುಕನ ಮನೆ. ಬಾಗಿಲು ಒಳಗಿನಿಂದ ಚಿಲಕ ಹಾಕಿತ್ತು. ಶಿಲ್ಪ ಅಂಗೈಯಿಂದ ಬಡಿದಳು. ಮತ್ತೆ ಬಡಿದಳು, ಮತ್ತೆ.

“ಯಾರದು?” ಒಳಗಿನಿಂದ ಮುದುಕನ ದನಿ ಕೇಳಿಸಿತು.

“ಫಾರ್ಮಸಿಸ್ಟು” ಎಂದಳು ಶಿಲ್ಪ, ಬೀದಿಗೆಲ್ಲ ಕೇಳಿಸುವ ಹಾಗೆ. “ಬಾಗ್ಲು ತೆಗೀರಿ.”